ಪ್ಯಾಕೆಟ್ ಎಲ್ಲಿ ಸೋರುತ್ತಿದೆ? ಫ್ರೀಬಿಎಸ್‌ಡಿ ಮೇಲಿನ ನೆಟ್‌ಮ್ಯಾಪ್ ಪ್ರೋಗ್ರಾಂಗೆ ಒಂದು ದೋಷ ನಿವಾರಣೆ ಕೈಪಿಡಿ

ದೋಷ ಹೀಗಿದೆ. ಸರ್ವರ್‌ನಲ್ಲಿ 10 ಗಿಗಾಬಿಟ್‌ನ ಎರಡು ಪೋರ್ಟ್ ಇವೆ. ಮೊದಲನೆಯದರಲ್ಲಿ ಬಂದ ಪ್ಯಾಕೆಟ್‌ನ ಹೆಡರ್ ನೋಡಿ, ಬೇಡದ್ದನ್ನು ಬಿಸಾಕಿ, ಬೇಕಾದ್ದನ್ನು ಎರಡನೆಯದರಿಂದ ಹೊರಗೆ ಕಳಿಸುವ ಪ್ರೋಗ್ರಾಂ ಒಂದು ಓಡುತ್ತಿದೆ. ಯಂತ್ರದ್ದು ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ. ಪ್ರೋಗ್ರಾಂ ನೆಟ್‌ಮ್ಯಾಪ್ ಬಳಸಿ ಬರೆದದ್ದು, ಅಂದರೆ ಕಾರ್ಡ್‌ನ ಪ್ಯಾಕೆಟ್‌ಗಳನ್ನು ನೇರವಾಗಿ ಪ್ರೋಗ್ರಾಂಗೆ ಕೊಡುವ ಸೌಲಭ್ಯ ಬಳಸಿ. 1500 ಬೈಟಿನ ಪ್ಯಾಕೆಟ್ ಕೊಟ್ಟರೆ ಒಂದೂ ತಪ್ಪದೆ ದಾಟುತ್ತದೆ. 64 ಬೈಟಿನದು ಕೊಟ್ಟರೆ ಅರ್ಧದಷ್ಟೂ ಆಚೆ ಬರುವುದಿಲ್ಲ. ಎರರ್ ಮೆಸೇಜ್ ಇಲ್ಲ, ಪ್ರೋಗ್ರಾಂ ಬೀಳುವುದಿಲ್ಲ, ಲಾಗ್ ಖಾಲಿ.

ಇದು ನಾನೇ ಅನುಭವಿಸಿದ ದೋಷ. ಒಂದು ವಾರ ಕೋಡ್ ತಿದ್ದುತ್ತಾ ಕೂತೆ. ಕೋಡ್‌ನಲ್ಲಿ ತಪ್ಪು ಇತ್ತು, ನಿಜ. ಆದರೆ ವೇಗ ತಿನ್ನುತ್ತಿದ್ದದ್ದು ಅದಲ್ಲ. ಅದಕ್ಕೇ ಈ ಬರಹದಲ್ಲಿ ಕೋಡ್‌ನ ಸರದಿ ಕೊನೆಗೆ ಬರುತ್ತದೆ. ಆದೇಶಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಲೆಕ್ಕ

64 ಬೈಟಿನ ಫ್ರೇಮ್ ತಂತಿಯ ಮೇಲೆ 64 ಬೈಟ್ ಜಾಗವನ್ನಷ್ಟೇ ಹಿಡಿಯುವುದಿಲ್ಲ. ಮುಂದೆ 8 ಬೈಟಿನ ಪ್ರಿಯಾಂಬಲ್, ಹಿಂದೆ 12 ಬೈಟಿನ ಖಾಲಿ ಜಾಗ. ಒಟ್ಟು 84 ಬೈಟ್, ಅಂದರೆ 672 ಬಿಟ್. ಸೆಕೆಂಡಿಗೆ 1000 ಕೋಟಿ ಬಿಟ್ ಹರಿಯುವ ತಂತಿಯಲ್ಲಿ ಇಂಥವು 1 ಕೋಟಿ 48 ಲಕ್ಷಕ್ಕೂ ಜಾಸ್ತಿ ಹಿಡಿಯುತ್ತವೆ. ನಮ್ಮ ಕೆಲಸದವರು ಆಡುವ 14.88 ಮಿಲಿಯನ್ ಇದೇ. ಒಂದು ಪ್ಯಾಕೆಟ್‌ಗೆ ಸಿಗುವ ಸಮಯ 67 ನ್ಯಾನೋಸೆಕೆಂಡ್. 3 ಗಿಗಾಹರ್ಟ್ಸ್ ಕೋರ್‌ಗೆ ಅದು ಸುಮಾರು 200 ಸೈಕಲ್.

ದೊಡ್ಡ ಫ್ರೇಮ್ 1518 ಬೈಟಿನದು. ಅದು ಸೆಕೆಂಡಿಗೆ 8 ಲಕ್ಷದ ಚಿಲ್ಲರೆ ಮಾತ್ರ ಬರುತ್ತದೆ. ಒಂದೊಂದಕ್ಕೂ 1200 ನ್ಯಾನೋಸೆಕೆಂಡಿಗಿಂತ ಜಾಸ್ತಿ ಸಮಯ. ದೊಡ್ಡದು ಸಲೀಸಾಗಿ ದಾಟಿ ಸಣ್ಣದು ಸಿಕ್ಕಿಬಿದ್ದರೆ ತೊಂದರೆ ಬೈಟ್‌ಗಳದ್ದಲ್ಲ, ಪ್ಯಾಕೆಟ್‌ಗಳ ಎಣಿಕೆಯದ್ದು. ದೊಡ್ಡದೂ ದಾಟದಿದ್ದರೆ ಕೇಬಲ್, ಕಾರ್ಡ್ ಕೂತ ಸ್ಲಾಟ್, ಲಿಂಕ್ ಇವನ್ನು ಮೊದಲು ನೋಡಿ. ಈ ಒಂದು ಪರೀಕ್ಷೆಯಿಂದಲೇ ಹುಡುಕುವ ಜಾಗ ಅರ್ಧ ಕಡಿಮೆಯಾಗುತ್ತದೆ.

ಈ ವೇಗ ಆಗದ ಮಾತು ಅಂದುಕೊಳ್ಳಬೇಡಿ. ನೆಟ್‌ಮ್ಯಾಪ್ ಮಾಡಿದವರು ಇಟಲಿಯ ಪೀಸಾ ವಿಶ್ವವಿದ್ಯಾಲಯದಲ್ಲಿದ್ದ ಲೂಯಿಜಿ ರಿಜ್ಜೊ. 900 ಮೆಗಾಹರ್ಟ್ಸ್‌ಗೆ ಇಳಿಸಿದ ಒಂದೇ ಕೋರ್‌ನಿಂದ 14.88 ಮಿಲಿಯನ್ ಕಳಿಸಿದ್ದನ್ನು ಅವರು 2012ರಲ್ಲೇ ಪ್ರಕಟಿಸಿದ್ದಾರೆ. ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಉದ್ದದ ದಾರಿ ಬಿಟ್ಟು, ಕಾರ್ಡ್‌ನ ರಿಂಗ್‌ಗಳ (ಪ್ಯಾಕೆಟ್‌ಗಳು ಸರದಿಯಲ್ಲಿ ಕೂರುವ, ಸುತ್ತಿ ಬರುವ ಮನೆಗಳ ಸಾಲು) ಚಿತ್ರವನ್ನೂ ಬಫರ್‌ಗಳನ್ನೂ ಪ್ರೋಗ್ರಾಂನ ಮೆಮೊರಿಗೇ ತಂದಿಡುವುದು ಅವರ ಉಪಾಯ. ಹಾಗಿದ್ದಮೇಲೆ ನಮ್ಮ ಪ್ರೋಗ್ರಾಂ ಯಾಕೆ ಏದುಸಿರು ಬಿಡುತ್ತಿದೆ?

ತೂಬಿನಿಂದ ತೂಬಿಗೆ ಎಣಿಸಿ

ಕಾಲುವೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅಂತ ಯಾರೂ ಗದ್ದೆ ಅಗೆಯುವುದಿಲ್ಲ. ಕಾಲುವೆ ಏರಿ ಮೇಲೆ ನಡೆದು, ಯಾವ ತೂಬಿನವರೆಗೆ ನೀರು ತುಂಬಿದೆ, ಎಲ್ಲಿಂದ ಕಡಿಮೆಯಾಗಿದೆ ಅಂತ ನೋಡುತ್ತಾರೆ. ಇಲ್ಲೂ ಅಷ್ಟೇ. ಒಂದು ಸಾಲು ಕೋಡ್ ಮುಟ್ಟುವ ಮುಂಚೆ ಒಂದು ಕಾಗದ ತಗೊಳ್ಳಿ. ಇಷ್ಟು ಜಾಗದ ಎಣಿಕೆ ಬರೆಯಿರಿ: ಕಳಿಸುವ ಪ್ರೋಗ್ರಾಂ ಕಳಿಸಿದೆನೆಂದು ಹೇಳಿದ್ದೆಷ್ಟು, ಕಳಿಸುವ ಕಾರ್ಡ್ ನಿಜಕ್ಕೂ ಕಳಿಸಿದ್ದೆಷ್ಟು, ನಮ್ಮ ಕಾರ್ಡ್‌ಗೆ ಬಂದದ್ದೆಷ್ಟು, ಅದರಲ್ಲಿ ಒಂದೊಂದು ಕ್ಯೂಗೆ (ಬಂದದ್ದನ್ನು ಕಾರ್ಡ್ ಹಂಚಿಡುವ ಸಾಲು) ಹೋದದ್ದೆಷ್ಟು, ನಮ್ಮ ಪ್ರೋಗ್ರಾಂ ಓದಿದ್ದೆಷ್ಟು, ನಿಯಮದಂತೆ ಬಿಸಾಕಿದ್ದೆಷ್ಟು, ಹೊರಗಿನ ರಿಂಗ್ ತುಂಬಿದ್ದರಿಂದ ಬಿಸಾಕಿದ್ದೆಷ್ಟು, ಎರಡನೆಯ ಪೋರ್ಟ್ ಹೊರಹಾಕಿದ್ದೆಷ್ಟು.

ಕೊನೆಯ ಎರಡು ಬಿಸಾಕುಗಳಿಗೆ ಬೇರೆ ಬೇರೆ ಕೌಂಟರ್ ಇರಲೇಬೇಕು. ನನ್ನ ಪ್ರೋಗ್ರಾಂನಲ್ಲಿ ಎರಡೂ ಸೇರಿ ಒಂದೇ ಕೌಂಟರ್ ಆಗಿತ್ತು. ಅದರಿಂದಲೇ ಎರಡು ದಿನ ದಾರಿ ತಪ್ಪಿದೆ.

ಕಾರ್ಡ್‌ನ ಎಣಿಕೆ ಸಿಸ್‌ಸಿಟಿಎಲ್‌ನಲ್ಲಿ ಸಿಗುತ್ತದೆ. ಕರ್ನಲ್‌ನ ಮೌಲ್ಯಗಳನ್ನು ತೋರಿಸುವ, ಬದಲಿಸುವ ಆದೇಶ ಅದು. ಇಂಟೆಲ್‌ನ 10 ಗಿಗಾಬಿಟ್ ಕಾರ್ಡ್‌ಗಳಿಗೆ ಐಎಕ್ಸ್ ಡ್ರೈವರ್. ಅದರಲ್ಲಿ ಡೆವ್ ಡಾಟ್ ಐಎಕ್ಸ್ ಡಾಟ್ 0 ಕೆಳಗೆ ಮ್ಯಾಕ್ ಸ್ಟ್ಯಾಟ್ಸ್ ಅನ್ನುವ ಗುಂಪಿದೆ. ಅಲ್ಲಿ ಮೂರು ಸಂಖ್ಯೆಗಳ ಮೇಲೆ ಕಣ್ಣಿಡಿ. ಸಿಆರ್‌ಸಿ (ಫ್ರೇಮ್ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪುಗಳು ಏರುತ್ತಿದ್ದರೆ ಕೇಬಲ್ ಅಥವಾ ಆಪ್ಟಿಕ್ ಮಾಡ್ಯೂಲ್ ಕೆಟ್ಟಿದೆ. ಮಿಸ್ಡ್ ಪ್ಯಾಕೆಟ್ಸ್ ಏರುತ್ತಿದ್ದರೆ ಪ್ಯಾಕೆಟ್ ಕಾರ್ಡಿನವರೆಗೆ ಬಂದಿದೆ, ಇಳಿಸಲು ಜಾಗ ಸಿಗದೆ ಹೋಗಿದೆ. ಅಂದರೆ ನಮ್ಮ ಕಡೆಯಿಂದ ಖಾಲಿ ಬಫರ್ ವೇಗವಾಗಿ ವಾಪಸ್ ಹೋಗುತ್ತಿಲ್ಲ. ಮೂರನೆಯದು ಎಕ್ಸ್ಆಫ್. ಅದರ ಕಥೆ ಬೇರೆ.

ಒಂದೂ ಡ್ರಾಪ್ ಇಲ್ಲ, ವೇಗವೂ ಇಲ್ಲ

ನನ್ನ ಕಾಗದದಲ್ಲಿ ಎಣಿಕೆ ಬರೆದಾಗ ಕಂಡದ್ದು ವಿಚಿತ್ರ. ಕಳಿಸುವ ಕಾರ್ಡ್ ಹೊರಹಾಕಿದ್ದು, ನಮ್ಮ ಕಾರ್ಡ್‌ಗೆ ಬಂದದ್ದು, ಪ್ರೋಗ್ರಾಂ ಓದಿದ್ದು, ಮೂರೂ ಒಂದೇ. ಎಲ್ಲೂ ಸೋರಿಕೆ ಇಲ್ಲ. ಕಳಿಸುವ ಯಂತ್ರವೇ 14.88ರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಅದನ್ನೇ ಅದೇ ಕೇಬಲ್‌ನಲ್ಲಿ ಬೇರೆ ಯಂತ್ರಕ್ಕೆ ಚುಚ್ಚಿದರೆ ಪೂರ್ತಿ ವೇಗ!

ಕಾರಣ ಫ್ಲೋ ಕಂಟ್ರೋಲ್. ಎರಡು ಕಡೆಯೂ ಫ್ಲೋ ಕಂಟ್ರೋಲ್ ಆನ್ ಆಗಿದ್ದರೆ, ಸ್ವೀಕರಿಸುವ ಕಾರ್ಡ್‌ನ ಜಾಗ ತುಂಬುತ್ತಾ ಬಂದಾಗ ಅದು ಎದುರಿನ ಕಾರ್ಡ್‌ಗೆ 'ಸ್ವಲ್ಪ ನಿಲ್ಲು' ಅನ್ನುವ ಪಾಜ್ ಫ್ರೇಮ್ ಕಳಿಸುತ್ತದೆ. ಎಕ್ಸ್ಆಫ್ ಎಣಿಸುವುದು ಇವನ್ನೇ. ಎದುರಿನದು ನಿಲ್ಲುತ್ತದೆ. ಯಾರೂ ಏನೂ ಬಿಸಾಕುವುದಿಲ್ಲ. ಹಾಗಾಗಿ ಡ್ರಾಪ್ ಕೌಂಟರ್‌ಗಳು ಸೊನ್ನೆ. ದೋಷ ನಮ್ಮ ಯಂತ್ರದಲ್ಲಿದೆ, ಅದರ ಗುರುತು ಬೇರೆ ಯಂತ್ರದಲ್ಲಿ ಕಾಣುತ್ತದೆ. ಎಕ್ಸ್ಆಫ್ ಕೌಂಟರ್ ಏರುತ್ತಿದ್ದರೆ ಇದೇ ನಡೆಯುತ್ತಿದೆ ಅಂತ ಖಚಿತ.

ಇದರಲ್ಲಿ ಇನ್ನೊಂದು ಕೇಡೂ ಇದೆ. ಕಾರ್ಡ್‌ನಲ್ಲಿ ಎಂಟು ಕ್ಯೂ ಇವೆ ಅಂದುಕೊಳ್ಳಿ. ಒಂದು ಕ್ಯೂ ಮಾತ್ರ ತುಂಬಿದರೂ ಪಾಜ್ ಫ್ರೇಮ್ ಇಡೀ ಲಿಂಕನ್ನೇ ನಿಲ್ಲಿಸುತ್ತದೆ. ಖಾಲಿ ಕೂತ ಏಳು ಕ್ಯೂಗಳೂ ಅದರ ಜೊತೆ ಉಪವಾಸ. ಪರೀಕ್ಷೆ ಮಾಡುವಾಗ ಇದನ್ನು ಆಫ್ ಮಾಡಲೇಬೇಕು. ಡೆವ್ ಡಾಟ್ ಐಎಕ್ಸ್ ಡಾಟ್ 0 ಡಾಟ್ ಎಫ್‌ಸಿಯನ್ನು 0 ಮಾಡಿ. ಎರಡನೆಯ ಪೋರ್ಟಿಗೂ, ಕಳಿಸುವ ಯಂತ್ರದಲ್ಲೂ ಹಾಗೇ ಮಾಡಿ. ಆಮೇಲೆ ಡ್ರಾಪ್‌ಗಳು ಕಾಣಿಸಿಕೊಳ್ಳುತ್ತವೆ. ಗಾಬರಿ ಬೇಡ. ಅಡಗಿದ್ದ ದೋಷ ಹೊರಗೆ ಬಂತು, ಅಷ್ಟೇ.

ನಮ್ಮ ಪ್ರೋಗ್ರಾಂ ಇಲ್ಲದೆ ಒಮ್ಮೆ ಓಡಿಸಿ

ನೆಟ್‌ಮ್ಯಾಪ್ ಜೊತೆಗೆ ಎರಡು ಸಣ್ಣ ಪ್ರೋಗ್ರಾಂ ಬರುತ್ತವೆ: ಪಿಕೆಟಿ-ಜೆನ್ ಮತ್ತು ಬ್ರಿಡ್ಜ್. ಪಿಕೆಟಿ-ಜೆನ್‌ಗೆ ಎಫ್ ಟಿಎಕ್ಸ್ ಅಂದರೆ ಕಳಿಸುತ್ತದೆ, ಎಫ್ ಆರ್‌ಎಕ್ಸ್ ಅಂದರೆ ಸ್ವೀಕರಿಸಿ ಎಣಿಸುತ್ತದೆ. ಬ್ರಿಡ್ಜ್ ಒಂದು ಪೋರ್ಟ್‌ನದ್ದನ್ನು ಇನ್ನೊಂದಕ್ಕೆ ದಾಟಿಸುತ್ತದೆ.

ಮೊದಲು ನಮ್ಮ ಯಂತ್ರದಲ್ಲಿ ಪಿಕೆಟಿ-ಜೆನ್ ಸ್ವೀಕರಿಸುವಂತೆ ಇಡಿ. ಪೂರ್ತಿ ವೇಗ ಬಂತಾ? ಹಾಗಾದರೆ ತಂತಿ, ಕಾರ್ಡ್, ಡ್ರೈವರ್ ಚೆನ್ನಾಗಿವೆ. ಆಮೇಲೆ ಬ್ರಿಡ್ಜ್ ಓಡಿಸಿ. ಅದೂ ದಾಟಿಸಿದರೆ ದೋಷ ನಮ್ಮ ಪ್ರೋಗ್ರಾಂನಲ್ಲೇ ಇದೆ. ಪಿಕೆಟಿ-ಜೆನ್‌ಗೇ ವೇಗ ಬರದಿದ್ದರೆ ನಮ್ಮ ಕೋಡ್ ಎಷ್ಟು ತಿದ್ದಿದರೂ ವ್ಯರ್ಥ. ಹದಿನೈದು ನಿಮಿಷದ ಕೆಲಸ ಇದು. ನಾನು ಇದನ್ನು ಮೊದಲ ದಿನವೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಪಿಕೆಟಿ-ಜೆನ್ ಬಗ್ಗೆ ಗೊತ್ತಿರಬೇಕಾದ್ದು ಕೆಲವು. ಅದರ ಮಾಮೂಲಿ ಉದ್ದ 60 ಬೈಟ್. ಕೊನೆಯ 4 ಬೈಟ್ ಸಿಆರ್‌ಸಿಯನ್ನು ಕಾರ್ಡ್ ಸೇರಿಸುತ್ತದೆ, ಆಗ 64. ಸುಮ್ನೆ 64 ಅಂತ ಕೊಟ್ಟರೆ ತಂತಿಯ ಮೇಲೆ 68 ಆಗಿ, 14.88 ಎಂದೂ ಬರುವುದಿಲ್ಲ. ಕಾರ್ಡ್ ನೆಟ್‌ಮ್ಯಾಪ್ ಮೋಡ್‌ಗೆ ಹೋಗುವಾಗ ಲಿಂಕ್ ಬಿದ್ದು ಏಳುತ್ತದೆ, ಅದಕ್ಕೆ ಕೆಲವು ಸೆಕೆಂಡ್ ಬೇಕು. ಆರಂಭದಲ್ಲೇ ಕಳೆದುಹೋದ ಪ್ಯಾಕೆಟ್‌ಗಳನ್ನು ದೋಷ ಅಂತ ಎಣಿಸಬೇಡಿ. ಇನ್ನೊಂದು, ಅದು ಕಳಿಸುವ ಪ್ಯಾಕೆಟ್‌ನ ಗುರಿ ವಿಳಾಸ ಬ್ರಾಡ್‌ಕಾಸ್ಟ್. ಎಲ್ಲ ಕಾರ್ಡೂ ಅದನ್ನು ತಗೊಳ್ಳುತ್ತದೆ. ಪರೀಕ್ಷೆಯಲ್ಲಿ ಪಾಸಾಗಿ, ನಿಜವಾದ ಟ್ರಾಫಿಕ್ ಬಂದಾಗ ಒಂದೂ ಪ್ಯಾಕೆಟ್ ಕಾಣದಿದ್ದರೆ ಕಾರ್ಡ್ ಪ್ರಾಮಿಸ್ಕ್ಯುಅಸ್ ಮೋಡ್‌ನಲ್ಲಿಲ್ಲ, ಅಂದರೆ ಬೇರೆಯವರ ವಿಳಾಸದ ಪ್ಯಾಕೆಟ್ ತಗೊಳ್ಳುತ್ತಿಲ್ಲ ಅಂತ ಅರ್ಥ. ಇಫ್‌ಕಾನ್ಫಿಗ್‌ನಲ್ಲಿ ಪ್ರಾಮಿಸ್ಕ್ ಹಾಕಿ.

ಇಲ್ಲಿ ಒಂದು ಎಚ್ಚರಿಕೆ. ನೆಟ್‌ಮ್ಯಾಪ್ ಹಿಡಿದ ಪೋರ್ಟ್ ಕರ್ನಲ್‌ನ ಕೈ ತಪ್ಪುತ್ತದೆ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು, ಅದೇ ಪೋರ್ಟ್ ಮೇಲೆ ಓಡಿಸಿದರೆ ನಿಮ್ಮ ಸಂಪರ್ಕ ಅಲ್ಲೇ ಕಡಿದುಹೋಗುತ್ತದೆ. ಬೇರೆ ಪೋರ್ಟ್‌ನಿಂದ ಒಳಗೆ ಬನ್ನಿ.

ಕಾಣದ ಎಮ್ಯುಲೇಶನ್

ಡ್ರೈವರ್‌ಗೆ ನೆಟ್‌ಮ್ಯಾಪ್ ಬೆಂಬಲ ಇಲ್ಲದಿದ್ದರೆ ನೆಟ್‌ಮ್ಯಾಪ್ ತಕರಾರು ಮಾಡುವುದಿಲ್ಲ. ಎಮ್ಯುಲೇಶನ್‌ಗೆ ಇಳಿದು ಕೆಲಸ ನಡೆಸುತ್ತದೆ. ಪ್ಯಾಕೆಟ್ ಮತ್ತೆ ಕರ್ನಲ್‌ನ ಹಳೆಯ ದಾರಿಯಲ್ಲೇ ಬರುತ್ತದೆ, ನಕಲೂ ಆಗುತ್ತದೆ. ಪ್ರೋಗ್ರಾಂಗೆ ವ್ಯತ್ಯಾಸ ತಿಳಿಯುವುದಿಲ್ಲ, ವೇಗಕ್ಕೆ ತಿಳಿಯುತ್ತದೆ. ಕಾರ್ಡ್ ಒಳ್ಳೆಯದೇ ಇದ್ದು, ನೀವು ಅದರ ಮೇಲಿನ ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರ್ಪಡಿಸಿದ ಜಾಲ) ಇಂಟರ್‌ಫೇಸ್ ತೆರೆದಿದ್ದರೂ ಇದೇ ಗತಿ.

ಪತ್ತೆ ಮಾಡುವುದು ಸುಲಭ. ಡೆವ್ ಡಾಟ್ ನೆಟ್‌ಮ್ಯಾಪ್ ಡಾಟ್ ಅಡ್‌ಮೋಡ್ ಅನ್ನುವುದನ್ನು 1 ಮಾಡಿ ಪ್ರೋಗ್ರಾಂ ಮತ್ತೆ ಶುರು ಮಾಡಿ. 1 ಅಂದರೆ ನೇರ ಬೆಂಬಲ ಇದ್ದರೆ ಮಾತ್ರ ತೆರೆ, ಇಲ್ಲವಾದರೆ ಆಗದು ಅನ್ನು ಅಂತ. ತೆರೆಯಲಿಲ್ಲವೆಂದರೆ ನೀವು ಇಷ್ಟು ದಿನ ಎಮ್ಯುಲೇಶನ್‌ನಲ್ಲಿ ಓಡಿಸುತ್ತಿದ್ದಿರಿ. ನನ್ನ ಮಟ್ಟಿಗೆ ಅಭಿವೃದ್ಧಿಯ ಯಂತ್ರಗಳಲ್ಲಿ ಇದು ಯಾವಾಗಲೂ 1 ಆಗಿರಬೇಕು.

ಹಾಗೇ ಕರ್ನಲ್ ಯಾವುದು ಅಂತಲೂ ನೋಡಿ. ಫ್ರೀಬಿಎಸ್‌ಡಿಯ ಕರೆಂಟ್ (ಇನ್ನೂ ಅಭಿವೃದ್ಧಿಯಲ್ಲಿರುವ) ಆವೃತ್ತಿಯ ಜೆನೆರಿಕ್ ಕರ್ನಲ್‌ನಲ್ಲಿ ವಿಟ್ನೆಸ್, ಇನ್‌ವೇರಿಯಂಟ್ಸ್ ಎಂಬ ತಪಾಸಣೆಗಳು ಆನ್ ಆಗಿರುತ್ತವೆ. ದೋಷ ಹಿಡಿಯಲು ಅವು ಅಮೂಲ್ಯ. ವೇಗ ಅಳೆಯಲು ಅವುಗಳ ಮೇಲೆ ಕೂರಬಾರದು. ಬೂಟ್ ಆಗುವಾಗಲೇ 'ವಿಟ್ನೆಸ್ ಆನ್ ಇದೆ, ವೇಗ ಕಡಿಮೆಯಾಗುತ್ತದೆ' ಅನ್ನುವ ಎಚ್ಚರಿಕೆ ಬರುತ್ತದೆ. ಅದು ಕಂಡರೆ ಜೆನೆರಿಕ್-ನೋಡಿಬಗ್ ಎಂಬ, ಈ ತಪಾಸಣೆಗಳಿಲ್ಲದ ಕರ್ನಲ್‌ಗೆ ಬದಲಿಸಿ.

ಎಂಟು ಕೋರ್, ದುಡಿಯುವುದು ಒಂದೇ

ಟಾಪ್ ಆದೇಶವನ್ನು ಎಸ್, ಎಚ್, ಪಿ ಆಯ್ಕೆಗಳ ಜೊತೆ ಓಡಿಸಿ. ಒಂದು ಕೋರ್ ನೂರಕ್ಕೆ ನೂರು, ಉಳಿದವು ನಿದ್ದೆ. ಇದು ಕಂಡರೆ ಕ್ಯೂಗಳ ಎಣಿಕೆ ನೋಡಿ. ಎಲ್ಲ ಪ್ಯಾಕೆಟ್‌ಗಳೂ ಒಂದೇ ಕ್ಯೂನಲ್ಲಿ ಬಿದ್ದಿರುತ್ತವೆ.

ಕಾರ್ಡ್ ಯಾವ ಪ್ಯಾಕೆಟ್ ಯಾವ ಕ್ಯೂಗೆ ಅಂತ ನಿರ್ಧರಿಸುವುದು ಆರ್‌ಎಸ್‌ಎಸ್ ಎಂಬ ಹಂಚುವ ವಿಧಾನದಿಂದ. ಎರಡೂ ಕಡೆಯ ಐಪಿ ವಿಳಾಸ, ಪೋರ್ಟ್ ಸಂಖ್ಯೆ ತಗೊಂಡು ಒಂದು ಹ್ಯಾಶ್ ಮಾಡುತ್ತದೆ, ಅಂದರೆ ಅವನ್ನು ಕಲಸಿ ಒಂದು ಸಂಖ್ಯೆ ತೆಗೆಯುತ್ತದೆ. ಒಂದೇ ಹರಿವಿನ ಪ್ಯಾಕೆಟ್ ಒಂದೇ ಕ್ಯೂಗೆ ಹೋಗುತ್ತದೆ, ಕ್ರಮ ಕೆಡುವುದಿಲ್ಲ. ಒಳ್ಳೆಯ ಏರ್ಪಾಡು. ಆದರೆ ಪಿಕೆಟಿ-ಜೆನ್ ಬೇರೆ ಹೇಳದಿದ್ದರೆ ಒಂದೇ ವಿಳಾಸದಿಂದ ಒಂದೇ ವಿಳಾಸಕ್ಕೆ ಕಳಿಸುತ್ತದೆ. ಹರಿವು ಒಂದೇ, ಹ್ಯಾಶ್ ಒಂದೇ, ಕ್ಯೂ ಒಂದೇ. ನಾವು ಎಂಟು ಥ್ರೆಡ್ ಬರೆದು, ಅವುಗಳ ನಡುವೆ ಲಾಕ್ ಹುಡುಕುತ್ತಾ ಕೂರುತ್ತೇವೆ. ಎಸ್ ಮತ್ತು ಡಿ ಆಯ್ಕೆಗಳಲ್ಲಿ ವಿಳಾಸದ ಶ್ರೇಣಿ ಕೊಡಿ, ಕ್ಯೂಗಳು ತುಂಬತೊಡಗುತ್ತವೆ. ನನ್ನ ಯಂತ್ರದಲ್ಲಿ ಪಾಜ್ ಫ್ರೇಮ್ ಹುಟ್ಟುತ್ತಿದ್ದದ್ದು ಇಲ್ಲಿಂದಲೇ. ಒಂದು ಕ್ಯೂ ತುಂಬಿ ಇಡೀ ಲಿಂಕನ್ನು ಹಿಡಿದು ನಿಲ್ಲಿಸಿತ್ತು.

ಪರೀಕ್ಷೆಯಲ್ಲಿ ಸರಿಹೋದ ಮೇಲೂ ನಿಜವಾದ ಜಾಲದಲ್ಲಿ ಇದು ಮರಳಿ ಬರಬಹುದು. ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಬಳಸುವುದು) ಹೊದಿಕೆಯೊಳಗೆ ಬರುವ ಟ್ರಾಫಿಕ್‌ನಲ್ಲಿ ಅನೇಕ ಕಾರ್ಡ್‌ಗಳಿಗೆ ಒಳಗಿನ ಐಪಿ ಕಾಣುವುದಿಲ್ಲ. ಎಲ್ಲವನ್ನೂ ಮೊದಲ ಕ್ಯೂಗೆ ಸುರಿಯುತ್ತವೆ. ಬ್ರಾಡ್‌ಬ್ಯಾಂಡ್ ಕೊಡುವವರ ಕಡೆ ಕೂರಿಸುವ ಪ್ರೋಗ್ರಾಂ ಆದರೆ ಇದನ್ನು ಮೊದಲೇ ಯೋಚಿಸಿ. ಒಂದು ಥ್ರೆಡ್ ಓದಿ, ಒಳಗಿನ ವಿಳಾಸದ ಹ್ಯಾಶ್ ಮಾಡಿ, ಉಳಿದವಕ್ಕೆ ಹಂಚಬೇಕಾಗುತ್ತದೆ. ಸಂಪರ್ಕದ ಎರಡೂ ದಿಕ್ಕಿನ ಪ್ಯಾಕೆಟ್ ಒಂದೇ ಥ್ರೆಡ್‌ಗೆ ಬೇಕಾದರೂ ಎಚ್ಚರ. ಮಾಮೂಲಿ ಹ್ಯಾಶ್ ಕೀಲಿಯಲ್ಲಿ ಹೋಗುವುದೂ ಬರುವುದೂ ಸಾಮಾನ್ಯವಾಗಿ ಬೇರೆ ಕ್ಯೂಗೆ ಬೀಳುತ್ತವೆ. ಎರಡು ಬೈಟಿನ ಮಾದರಿ ಮತ್ತೆ ಮತ್ತೆ ಬರುವ ಸಮ್ಮಿತ ಕೀಲಿ ಬೇಕು.

ಬೇಗ ನೋಡಿ ಮುಗಿಸುವಂಥವು

ಪಿಸಿಐಕಾನ್ಫ್‌ಗೆ ಎಲ್ ಮತ್ತು ಸಿ ಕೊಟ್ಟರೆ ಕಾರ್ಡ್ ಸ್ಲಾಟ್‌ನ ಎಷ್ಟು ಲೇನ್‌ನಲ್ಲಿ (ಡೇಟಾ ಹರಿಯುವ ಜಾಡು) ಕೂತಿದೆ ಅಂತ ತೋರಿಸುತ್ತದೆ. ಎಂಟು ಲೇನ್‌ನ ಕಾರ್ಡ್ ನಾಲ್ಕರಲ್ಲಿ ಕೂತಿದ್ದರೆ ಸ್ಲಾಟ್ ಬದಲಿಸಿ. ಎರಡು ಸಾಕೆಟ್‌ನ ಯಂತ್ರವಾದರೆ ಕಾರ್ಡ್ ಯಾವ ಸಾಕೆಟ್‌ನ ಬಳಿ ಇದೆ ನೋಡಿ, ಥ್ರೆಡ್‌ಗಳನ್ನು ಸಿಪಿಯುಸೆಟ್‌ನಿಂದ ಅದೇ ಸಾಕೆಟ್‌ನ ಕೋರ್‌ಗಳಿಗೆ ಕಟ್ಟಿಹಾಕಿ. ಸಿಪಿಯು ವೇಗ ಏರಿಳಿಸುವ ಪವರ್‌ಡಿ ಓಡುತ್ತಿದ್ದರೆ ಅಳತೆ ಮುಗಿಯುವವರೆಗೆ ನಿಲ್ಲಿಸಿ. ಕರ್ನಲ್‌ನ ಕಡೆಗೂ ಪ್ಯಾಕೆಟ್ ಕಳಿಸುತ್ತಿದ್ದರೆ ಚೆಕ್‌ಸಮ್, ಟಿಎಸ್‌ಒ, ಎಲ್‌ಆರ್‌ಒ ಆಫ್‌ಲೋಡ್‌ಗಳನ್ನು (ಕರ್ನಲ್ ತನ್ನ ಕೆಲಸವನ್ನು ಕಾರ್ಡ್‌ಗೆ ವಹಿಸುವ ಏರ್ಪಾಡುಗಳು) ಇಫ್‌ಕಾನ್ಫಿಗ್‌ನಲ್ಲಿ ತೆಗೆಯಿರಿ. ನೆಟ್‌ಮ್ಯಾಪ್ ಅವನ್ನು ಬಳಸುವುದಿಲ್ಲ. ಬಿಟ್ಟರೆ ಚೆಕ್‌ಸಮ್ ಇಲ್ಲದ ಪ್ಯಾಕೆಟ್ ಹೊರಗೆ ಹೋಗುತ್ತದೆ. ಪಿಂಗ್ ಬರುತ್ತದೆ, ಟಿಸಿಪಿ ಮಾತ್ರ ನಡೆಯುವುದಿಲ್ಲ.

ಈಗ ಕೋಡ್

ಸಿಪಿಯುವಿನ ಕೌಂಟರ್‌ಗಳನ್ನು ಓದುವ ಎಚ್‌ಡಬ್ಲ್ಯುಪಿಎಂಸಿ ಮಾಡ್ಯೂಲ್ ಲೋಡ್ ಮಾಡಿ, ಪಿಎಂಸಿಸ್ಟ್ಯಾಟ್‌ನಲ್ಲಿ ಸಮಯ ಎಲ್ಲಿ ಹೋಗುತ್ತಿದೆ ನೋಡಿ. 200 ಸೈಕಲ್‌ನ ಬಜೆಟ್ ನೆನಪಿರಲಿ. ಬೇಕಾದ್ದು ಸಿಪಿಯುವಿನ ಕ್ಯಾಶ್‌ನಲ್ಲಿ ಸಿಗದೆ ಮೆಮೊರಿಗೆ ಹೋಗಿ ಬರುವ ಒಂದು ಕ್ಯಾಶ್ ಮಿಸ್ ಸುಲಭವಾಗಿ ಅದನ್ನು ತಿಂದುಹಾಕುತ್ತದೆ.

ಹೆಚ್ಚಾಗಿ ಸಿಕ್ಕಿಬೀಳುವುದು ಇವು. ಪ್ರತಿ ಪ್ಯಾಕೆಟ್‌ಗೂ ಒಂದು ಸಿಸ್ಟಂ ಕಾಲ್. ನೆಟ್‌ಮ್ಯಾಪ್‌ನ ಲಾಭವೇ ಗುಂಪಾಗಿ ತಗೊಳ್ಳುವುದರಲ್ಲಿದೆ. ಒಂದು ಪೋಲ್‌ಗೆ (ಪ್ಯಾಕೆಟ್ ಬಂತಾ ಅಂತ ಕರ್ನಲ್‌ಗೆ ಕೇಳುವ ಕರೆ) ರಿಂಗ್‌ನಲ್ಲಿ ಇದ್ದಷ್ಟನ್ನೂ ಮುಗಿಸಿ. ಪ್ರತಿ ಪ್ಯಾಕೆಟ್‌ಗೂ ಗಡಿಯಾರ ನೋಡುವುದೂ ಅಷ್ಟೇ ದುಬಾರಿ. ಅದರಲ್ಲೂ ಟೈಮ್‌ಕೌಂಟರ್ ಟಿಎಸ್‌ಸಿ (ಸಿಪಿಯುವಿನೊಳಗಿನ ವೇಗದ ಗಡಿಯಾರ) ಅಲ್ಲದಿದ್ದರೆ. ಗುಂಪಿಗೆ ಒಮ್ಮೆ ನೋಡಿದರೆ ಸಾಕು. ಇನ್ನೊಂದು, ಎಂಟು ಥ್ರೆಡ್‌ಗಳ ಕೌಂಟರ್ ಒಂದೇ ಅರೇಯಲ್ಲಿ ಅಕ್ಕಪಕ್ಕ ಕೂತಿರುವುದು. 64 ಬೈಟಿನ ಒಂದು ಕ್ಯಾಶ್ ಲೈನ್‌ನಲ್ಲಿ ಎಂಟೂ ಹಿಡಿಯುತ್ತವೆ. ಯಾರು ಬರೆದರೂ ಉಳಿದವರ ಕ್ಯಾಶ್ ಕೆಡುತ್ತದೆ. ಥ್ರೆಡ್ ಜಾಸ್ತಿ ಮಾಡಿದಷ್ಟೂ ವೇಗ ಕಡಿಮೆಯಾದರೆ ಇದರ ಮೇಲೆ ಅನುಮಾನ ಪಡಿ.

ವೇಗದ ದೋಷಕ್ಕಿಂತ ಭಯಂಕರವಾದದ್ದು ತಪ್ಪು ಪ್ಯಾಕೆಟ್ ಹೋಗುವುದು. ನಕಲು ಮಾಡದೆ ದಾಟಿಸಲು ನಾವು ಸ್ವೀಕರಿಸಿದ ಸ್ಲಾಟ್‌ನ (ಇಲ್ಲಿ ಸ್ಲಾಟ್ ಅಂದರೆ ರಿಂಗ್‌ನ ಒಂದು ಮನೆ) ಬಫರ್ ಸೂಚಿಯನ್ನೂ ಕಳಿಸುವ ಸ್ಲಾಟ್‌ನ ಸೂಚಿಯನ್ನೂ ಅದಲುಬದಲು ಮಾಡುತ್ತೇವೆ. ಆಗ ಎರಡೂ ಸ್ಲಾಟ್‌ಗಳಲ್ಲಿ ಎನ್‌ಎಸ್ ಬಫ್ ಚೇಂಜ್ಡ್ ಫ್ಲ್ಯಾಗ್ ಏರಿಸಬೇಕು. ಮರೆತರೆ ಏನಾಗುತ್ತದೆ? ಅದು ಡ್ರೈವರ್ ಮೇಲೆ ನಿಂತಿದೆ. ಕೆಲವು ಡ್ರೈವರ್‌ಗಳು ಪ್ರತಿ ಸಲವೂ ಹೊಸ ವಿಳಾಸವನ್ನೇ ಕಾರ್ಡ್‌ಗೆ ಬರೆಯುತ್ತವೆ, ತಪ್ಪು ಕಾಣುವುದೇ ಇಲ್ಲ. ಕೆಲವು ಫ್ಲ್ಯಾಗ್ ಕಂಡರೆ ಮಾತ್ರ ಬರೆಯುತ್ತವೆ. ಅಲ್ಲಿ ಕಾರ್ಡ್ ಹಳೆಯ ಬಫರ್‌ಗೇ ಸುರಿಯುತ್ತಾ ಹೋಗುತ್ತದೆ. ಒಂದೇ ಪ್ಯಾಕೆಟ್ ಎರಡು ಸಲ ಹೋಗುತ್ತದೆ, ಒಂದರ ಹೆಡರ್ ಕೆಳಗೆ ಇನ್ನೊಂದರ ಡೇಟಾ ಬರುತ್ತದೆ. ನನ್ನ ಕೋಡ್‌ನಲ್ಲಿದ್ದ ತಪ್ಪು ಇದೇ. 10 ಗಿಗಾಬಿಟ್ ಕಾರ್ಡ್‌ನಲ್ಲಿ ತಿಂಗಳುಗಟ್ಟಲೆ ಓಡಿತ್ತು. ಅದೇ ಕೋಡ್ 1 ಗಿಗಾಬಿಟ್‌ನ ಹಳೆಯ ಕಾರ್ಡ್‌ಗೆ ಹೋದ ದಿನ ಕೈಕೊಟ್ಟಿತು. ಇಂಥ ಅದಲುಬದಲು ಎರಡೂ ಪೋರ್ಟ್‌ಗಳು ಒಂದೇ ಮೆಮೊರಿ ವಲಯದಲ್ಲಿದ್ದರೆ ಮಾತ್ರ ಸರಿ ಅನ್ನುವುದೂ ಗಮನದಲ್ಲಿರಲಿ. ನೆಟ್‌ಮ್ಯಾಪ್‌ನದೇ ಸಾಫ್ಟ್‌ವೇರ್ ಸ್ವಿಚ್ ಆದ ವೇಲ್‌ನ ಪೋರ್ಟ್‌ಗಳಿಗೆ ಬೇರೆ ವಲಯ ಇರುತ್ತದೆ. ಅಲ್ಲಿ ನಕಲು ಮಾಡಲೇಬೇಕು.

ಇದರ ಅಣ್ಣತಮ್ಮ ಇನ್ನೊಂದಿದೆ. ರಿಂಗ್‌ನ ಹೆಡ್ (ನಾವು ಎಲ್ಲಿಯವರೆಗೆ ಮುಗಿಸಿದ್ದೇವೆ ಎಂದು ಹೇಳುವ ಗುರುತು; ಇದರ ಜೊತೆಯದು ಕರ್) ಮುಂದೆ ಸರಿಸಿ ಸಿಂಕ್ ಮಾಡಿದ ಮೇಲೆ ಆ ಬಫರ್ ಕಾರ್ಡಿನದ್ದು, ನಮ್ಮದಲ್ಲ. ಪಾಯಿಂಟರ್ ಇನ್ನೂ ನಮ್ಮ ಕೈಯಲ್ಲಿದೆ ಅಂತ ಓದಿದರೆ ನೋಡನೋಡುತ್ತಲೇ ಒಳಗಿನದ್ದು ಬದಲಾಗುತ್ತದೆ. ಲಾಗ್ ಬರೆಯುವ ಥ್ರೆಡ್‌ಗೆ ಪಾಯಿಂಟರ್ ಕೊಟ್ಟು ಮುಂದೆ ಹೋಗುವ ಕೋಡ್‌ನಲ್ಲಿ ಇದನ್ನು ಹುಡುಕಿ. ಹೆಡ್ ಅಥವಾ ಕರ್ ತಪ್ಪು ಸಂಖ್ಯೆಗೆ ಹೋಗಿದ್ದರೆ ಡಿಮೆಸೇಜ್‌ನಲ್ಲಿ ರಿಂಗ್ ರೀಇನಿಟ್ ಅನ್ನುವ ಸಾಲುಗಳು ಬರುತ್ತವೆ. ಒಂದೇ ಒಂದು ಸಾಲು ಕಂಡರೂ ಬಿಡಬೇಡಿ. ಕರ್ನಲ್ ಪ್ರತಿ ಸಲ ಹೆಡ್ ಮತ್ತು ಕರ್ ಎರಡನ್ನೂ ತನ್ನ ಲೆಕ್ಕದ ಜಾಗಕ್ಕೆ ಮರಳಿಸಿ ನಮ್ಮನ್ನು ದಾರಿಗೆ ತಂದಿದೆ.

ಕೊನೆಯ ಪರೀಕ್ಷೆ ಹೀಗೆ ಮಾಡಿ. ಕಳಿಸುವ ಪ್ಯಾಕೆಟ್‌ನ ಒಡಲಿನಲ್ಲಿ ಏರುತ್ತಾ ಹೋಗುವ ಒಂದು ಸಂಖ್ಯೆ ಇಡಿ. ಆಚೆ ಕಡೆ ಪ್ರತಿ ಹರಿವಿಗೂ ಮೂರು ಎಣಿಕೆ: ಬಿಟ್ಟುಹೋದದ್ದು, ಎರಡು ಸಲ ಬಂದದ್ದು, ಕ್ರಮ ತಪ್ಪಿದ್ದು. ಸುಮ್ನೆ ಒಟ್ಟು ಎಣಿಸಿದರೆ ಒಂದು ಕಳೆದು ಇನ್ನೊಂದು ಎರಡು ಸಲ ಬಂದದ್ದು ಸರಿಹೋಗಿ ಕಾಣುತ್ತದೆ, ಅಲ್ವಾ? ಫ್ಲೋ ಕಂಟ್ರೋಲ್ ಆಫ್, ಅಡ್‌ಮೋಡ್ 1, ವಿಳಾಸದ ಶ್ರೇಣಿ ಅಗಲ, ಉದ್ದ 60. ರಾತ್ರಿ ಓಡಲು ಬಿಟ್ಟು, ಬೆಳಿಗ್ಗೆ ಬಂದು ಮೊದಲು ಎಕ್ಸ್ಆಫ್ ಮತ್ತು ಮಿಸ್ಡ್ ಕೌಂಟರ್ ನೋಡಿ, ಆಮೇಲೆ ಈ ಮೂರು ಎಣಿಕೆ. ಐದೂ ಸೊನ್ನೆ ಇದ್ದರೆ ಅದೇ ಪ್ರೋಗ್ರಾಂ ಅನ್ನು ಬೇರೆ ಡ್ರೈವರ್‌ನ ಕಾರ್ಡ್ ಮೇಲೆ ಇನ್ನೊಂದು ರಾತ್ರಿ ಓಡಿಸಿ.